ನೋವಿನ ಮಾತ್ರೆಯ ಬದಲು ಶುಂಠಿ, ಅರಿಶಿನ, ಲವಂಗ: ಯಾವ ನೋವಿಗೆ, ಎಷ್ಟು, ಎಷ್ಟು ದಿನ?

ಮನೆಯ ಔಷಧ ಡಬ್ಬಿಯಲ್ಲಿ ಸಾಮಾನ್ಯವಾಗಿ ಎರಡು ಜಾತಿಯ ನೋವಿನ ಮಾತ್ರೆಗಳಿರುತ್ತವೆ. ಒಂದು ಪ್ಯಾರಾಸಿಟಮಾಲ್. ಇನ್ನೊಂದು ಐಬುಪ್ರೊಫೇನ್, ಡಿಕ್ಲೋಫೆನಾಕ್, ಮೆಫೆನಾಮಿಕ್ ಆ್ಯಸಿಡ್, ಆ್ಯಸ್ಪಿರಿನ್‌ಗಳ ಬಳಗ. ಇವನ್ನು ಬಿಟ್ಟು ಅಡುಗೆಮನೆಯ ಕಡೆ ತಿರುಗುವವರು ಹೆಚ್ಚಾಗಿ ಕೇಳುವುದು ‘ಮಾತ್ರೆಯ ಬದಲು ಏನು ತಗೊಳ್ಳಲಿ’ ಎಂದು. ಹಾಗೆ ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಮುಟ್ಟಿನ ನೋವಿಗೆ ಒಗ್ಗುವ ಶುಂಠಿ ಹಲ್ಲುನೋವಿಗೆ ಕೆಲಸ ಮಾಡದು. ಹಲ್ಲಿಗೆ ಒಗ್ಗುವ ಲವಂಗದೆಣ್ಣೆಯಿಂದ ಮಂಡಿಗೆ ಏನೂ ಆಗದು. ಮೊದಲು ನೋವು ಯಾವುದು, ಆಮೇಲೆ ವಸ್ತು, ಆಮೇಲೆ ಅಳತೆ.

ಈ ಎರಡನೆಯ ಬಳಗದ ಮಾತ್ರೆ ದೇಹದೊಳಗೆ ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಅಂಗಾಂಶಕ್ಕೆ ಪೆಟ್ಟಾದಾಗ ಕಾಕ್ಸ್ ಎಂಬ ಕಿಣ್ವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಇದು ನರದ ತುದಿಗಳನ್ನು ಕೆರಳಿಸಿ ಇಡುತ್ತದೆ. ಆಗ ಸಣ್ಣ ಒತ್ತಡವೂ ನೋವಾಗಿ ಕಾಣುತ್ತದೆ. ಆ್ಯಸ್ಪಿರಿನ್ ಈ ತಯಾರಿಕೆಯನ್ನೇ ತಡೆಯುತ್ತದೆ ಎಂದು 1971ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಜಾನ್ ವೇನ್. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ತೊಡಕು ಇರುವುದು ಇಲ್ಲೇ. ಅದೇ ಪ್ರೊಸ್ಟಗ್ಲಾಂಡಿನ್ ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುತ್ತದೆ, ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಡಿಕ್ಲೋಫೆನಾಕನ್ನು ತಿಂಗಳುಗಟ್ಟಲೆ ನುಂಗಿದವರಿಗೆ ಅಲ್ಸರ್, ಏರಿದ ಬಿಪಿ, ಕಿಡ್ನಿ ತೊಂದರೆ ಬರುವುದು ಇದರಿಂದಲೇ.

ಗಿಡಮೂಲಿಕೆಗಳು ಎರಡು ದಾರಿಯಲ್ಲಿ ಕೆಲಸ ಮಾಡುತ್ತವೆ. ಶುಂಠಿ, ಅರಿಶಿನ, ಶಲ್ಲಕಿ ಮರದ ಅಂಟು ಹೊಟ್ಟೆಯಿಂದ ರಕ್ತಕ್ಕೆ ಸೇರಿ ಉರಿಯೂತದ ರಾಸಾಯನಿಕಗಳನ್ನು ತಗ್ಗಿಸುತ್ತವೆ. ಇವಕ್ಕೆ ನಿಗದಿತ ಪ್ರಮಾಣ ಬೇಕು, ದಿನಗಳು ಬೇಕು. ಲವಂಗ, ಪುದೀನದ ಮೆಂಥಾಲ್, ಮೆಣಸಿನಕಾಯಿಯ ಖಾರ ಹಾಗಲ್ಲ. ಮುಟ್ಟಿಸಿದ ಜಾಗದ ನರದ ತುದಿಯ ಮೇಲೆಯೇ ಪರಿಣಾಮ ಬೀರುತ್ತವೆ. ಮೊದಲ ಗುಂಪಿನಿಂದ ಹತ್ತು ನಿಮಿಷದ ಉಪಶಮನ ಬಯಸುವುದು, ಎರಡನೆಯ ಗುಂಪಿನಿಂದ ರೋಗ ವಾಸಿಯಾಗಲೆಂದು ಕಾಯುವುದು, ಎರಡೂ ವ್ಯರ್ಥ.

ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಅದು ನಿರಪಾಯವೂ ಅಲ್ಲ, ದುರ್ಬಲವೂ ಅಲ್ಲ. ಆ್ಯಸ್ಪಿರಿನ್ನಿನ ಮೂಲವೇ ವಿಲ್ಲೋ ಮರದ ತೊಗಟೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿ ತೊಗಟೆಯ ಪುಡಿಯಿಂದ ಚಳಿಜ್ವರ ಇಳಿಯುತ್ತದೆಂದು ರಾಯಲ್ ಸೊಸೈಟಿಗೆ ಬರೆದ. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಅದರ ಬಂಧು ರಾಸಾಯನಿಕವೇ ಆ್ಯಸ್ಪಿರಿನ್ ಆಗಿ ತಯಾರಾಯಿತು. ಈಗ ಆನ್‌ಲೈನಿನಲ್ಲಿ ವಿಲ್ಲೋ ತೊಗಟೆಯ ಕ್ಯಾಪ್ಸೂಲ್ ‘ನೈಸರ್ಗಿಕ’ ಎಂಬ ಚೀಟಿ ಹೊತ್ತು ಬರುತ್ತದೆ. ಆ್ಯಸ್ಪಿರಿನ್ ಅಲರ್ಜಿ ಇರುವವರು, ಅದರಿಂದ ಉಬ್ಬಸ ಕೆರಳುವವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಅದನ್ನು ಮುಟ್ಟಬಾರದು. ಮಕ್ಕಳಿಗಂತೂ ಬೇಡವೇ ಬೇಡ.

ಮುಟ್ಟಿನ ನೋವಿಗೆ ಒಣಶುಂಠಿ

ಮನೆಮದ್ದುಗಳ ಪೈಕಿ ಪುರಾವೆ ಗಟ್ಟಿಯಾಗಿರುವ ಜೋಡಿಗಳಲ್ಲಿ ಇದೊಂದು. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಬಹಳ ಬಿಡುಗಡೆಯಾಗಿ ಸ್ನಾಯು ಹಿಂಡುತ್ತದೆ. ಶುಂಠಿಯ ಜಿಂಜರಾಲ್, ಶೋಗಾಲ್‌ಗಳು ತಡೆಯುವುದು ಇದನ್ನೇ. 2009ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನವೊಂದರಲ್ಲಿ 150 ವಿದ್ಯಾರ್ಥಿನಿಯರಲ್ಲಿ ಒಂದು ಗುಂಪಿಗೆ 250 ಮಿ.ಗ್ರಾಂ ಶುಂಠಿ ಪುಡಿ, ಒಂದಕ್ಕೆ 250 ಮಿ.ಗ್ರಾಂ ಮೆಫೆನಾಮಿಕ್ ಆ್ಯಸಿಡ್, ಇನ್ನೊಂದಕ್ಕೆ 400 ಮಿ.ಗ್ರಾಂ ಐಬುಪ್ರೊಫೇನ್ ಕೊಟ್ಟರು. ದಿನಕ್ಕೆ ನಾಲ್ಕು ಸಲ, ಮೂರು ದಿನ. ಮೂರು ಗುಂಪುಗಳ ಉಪಶಮನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಒಣಶುಂಠಿ ಪುಡಿಯ ಒಂದು ಮಟ್ಟ ಟೀ ಚಮಚ ಸುಮಾರು 2 ಗ್ರಾಂ ತೂಗುತ್ತದೆ. ಅಂದರೆ ಕಾಲು ಚಮಚಕ್ಕೆ ಅರ್ಧ ಗ್ರಾಂ. ದಿನಕ್ಕೆ ಒಂದು ಗ್ರಾಂನಿಂದ ಶುರುಮಾಡಿ: ಬೆಳಿಗ್ಗೆ ಕಾಲು ಚಮಚ, ರಾತ್ರಿ ಕಾಲು ಚಮಚ, ಊಟವಾದ ಮೇಲೆ, ಬೆಲ್ಲದ ಚೂರಿನೊಡನೆಯೋ ಬೆಚ್ಚಗಿನ ನೀರಿನೊಡನೆಯೋ. ಸಾಲದಿದ್ದರೆ ದಿನಕ್ಕೆ 2 ಗ್ರಾಂವರೆಗೆ ಏರಿಸಬಹುದು. ಅದಕ್ಕೂ ಮೇಲೆ ಹೋದರೆ ಎದೆಯುರಿ ಹೆಚ್ಚುತ್ತದೆ, ಲಾಭ ಹೆಚ್ಚುವುದಿಲ್ಲ. ಹಸಿಶುಂಠಿಯೇ ಆಗಬೇಕೆಂದರೆ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರು ಎಂಬುದು ನೆನಪಿರಲಿ. ಒಂದು ಗ್ರಾಂ ಒಣಪುಡಿಗೆ ಸುಮಾರು 5 ಗ್ರಾಂ ಹಸಿಶುಂಠಿ ಬೇಕು. ಅಷ್ಟನ್ನು ತುರಿದು ಒಂದೂವರೆ ಲೋಟ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ತುರಿ ಸಮೇತ ಕುಡಿಯಿರಿ. ಚಹಾಕ್ಕೆ ಜಜ್ಜಿ ಹಾಕುವ ಒಂದು ಚೂರು ರುಚಿಗೆ ಸರಿ, ನೋವಿಗೆ ಲೆಕ್ಕಕ್ಕಿಲ್ಲ.

ಹೆಚ್ಚಿನವರು ತಪ್ಪುವುದು ಹೊತ್ತಿನಲ್ಲಿ. ನೋವು ಏರಿ ಮಲಗಿದ ಮೇಲೆ ಕಷಾಯಕ್ಕೆ ನೀರಿಟ್ಟರೆ ಪ್ರೊಸ್ಟಗ್ಲಾಂಡಿನ್ ಆಗಲೇ ತಯಾರಾಗಿ ಬಿಡುಗಡೆಯಾಗಿರುತ್ತದೆ. ಮುಟ್ಟಿನ ಸೂಚನೆ ಕಂಡ ದಿನವೇ ಶುರುಮಾಡಿ ಮೂರು ದಿನ ಬಿಡದೆ ತೆಗೆದುಕೊಳ್ಳಬೇಕು. ಮಾತ್ರೆಗೂ ಇದೇ ನಿಯಮ.

ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುವಾಗ ಬೆಳ್ಳಗೆ ಹೊಳೆಯುವ ಶುಂಠಿಯನ್ನು ಬಿಟ್ಟುಬಿಡಿ. ಅದು ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸಿದ್ದಿರಬಹುದು. ಮಸುಕು ಕಂದು ಬಣ್ಣದ, ಮುರಿದರೆ ನಾರು ಕಾಣುವ, ಮೂಗಿಗೆ ಘಾಟು ಹತ್ತುವ ಗೆಡ್ಡೆಯೇ ಒಳ್ಳೆಯದು. ಪುಡಿಯನ್ನು ಒಂದೆರಡು ತಿಂಗಳಿಗಾಗುವಷ್ಟೇ ಮಾಡಿಕೊಳ್ಳಿ.

ಇದರೊಂದಿಗೆ ಹೊಟ್ಟೆಗೆ ಬಿಸಿನೀರಿನ ಚೀಲ. ಕಾವನ್ನು ಅಜ್ಜಿಯರ ಸಮಾಧಾನವೆಂದು ಪಕ್ಕಕ್ಕಿಡುವವರಿದ್ದಾರೆ, ಆದರೆ 38.9 ಡಿಗ್ರಿ ಕಾವಿನ ಪಟ್ಟಿಯನ್ನು ದಿನಕ್ಕೆ 12 ಗಂಟೆ ಹೊಟ್ಟೆಗೆ ಕಟ್ಟಿ ನೋಡಿದ 2001ರ ಅಮೆರಿಕದ ಅಧ್ಯಯನದಲ್ಲಿ ಅದು 400 ಮಿ.ಗ್ರಾಂ ಐಬುಪ್ರೊಫೇನ್‌ಗೆ ಸಮನಾಗಿ ನಿಂತಿತು. ಶುಂಠಿ, ಶಾಖ, ಮಾತ್ರೆ ಯಾವುದಕ್ಕೂ ಬಗ್ಗದೆ ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯುವ ತೊಂದರೆ) ಇದೆಯೇ ಎಂದು ಸ್ತ್ರೀರೋಗ ತಜ್ಞರಲ್ಲಿ ತಪಾಸಣೆ ಆಗಬೇಕು. ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತಿಗೆ ಕಿವಿಗೊಟ್ಟು ವರ್ಷಗಳನ್ನು ಕಳೆಯಬಾರದು.

ಮಂಡಿನೋವು ಮತ್ತು ಅರಿಶಿನದ ಲೆಕ್ಕ

ಅರಿಶಿನದ ಬಗ್ಗೆ ಮಾತಾಡುವವರು ಬಹಳ, ಲೆಕ್ಕ ಹಾಕುವವರು ಕಡಿಮೆ. ಪುಡಿಯಲ್ಲಿ ನೋವಿಗೆ ಕೆಲಸ ಮಾಡುವ ಕರ್ಕ್ಯುಮಿನ್ ಅಂಶ ಸುಮಾರು ಶೇ. 3. ಒಂದು ಟೀ ಚಮಚ ಪುಡಿ 3 ಗ್ರಾಂ ಎಂದುಕೊಂಡರೆ ಕರ್ಕ್ಯುಮಿನ್ 90 ಮಿ.ಗ್ರಾಂ. ಮಂಡಿಸವೆತದ ಅಧ್ಯಯನಗಳಲ್ಲಿ ದಿನಕ್ಕೆ ಕೊಟ್ಟದ್ದು ಸಾಮಾನ್ಯವಾಗಿ 1000 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚು ಸಾರ. ಅಷ್ಟನ್ನು ಪುಡಿಯಲ್ಲೇ ಪಡೆಯಲು ಹತ್ತು ಚಮಚ ಮೀರಬೇಕು. ಸಾರಿಗೆ ಬೀಳುವ ಕಾಲು ಚಮಚ ಇಡೀ ಮನೆಗೆ ಹಂಚಿಹೋಗುತ್ತದೆ. ಅದು ಒಳ್ಳೆಯ ಅಡುಗೆ, ನೋವಿನ ಔಷಧವಲ್ಲ.

ಎರಡನೆಯ ತೊಡಕು, ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ. ಕರುಳು ಮತ್ತು ಯಕೃತ್ತು ಅದನ್ನು ಬೇಗ ಬದಲಿಸಿ ಹೊರಹಾಕಿಬಿಡುತ್ತವೆ. ಇದಕ್ಕೆ ಪರಿಹಾರ ತೋರಿಸಿದ್ದು ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದ ಕೆಲಸವಾಗಿ 1998ರಲ್ಲಿ ಪ್ರಕಟವಾದ ಪ್ರಬಂಧ ಇಂದಿಗೂ ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ ಮಾತು: 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರ ರಕ್ತದಲ್ಲಿ ಅದರ ಲಭ್ಯತೆ ಇಪ್ಪತ್ತು ಪಟ್ಟು. ಪೈಪರಿನ್ ಎಂದರೆ ಕಾಳುಮೆಣಸಿನ ಖಾರ. 20 ಮಿ.ಗ್ರಾಂಗೆ ಎಂಟು ಹತ್ತು ಕಾಳು ಸಾಕು. ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಆದ್ದರಿಂದ ತುಪ್ಪವೋ ಕೆನೆಹಾಲೋ ಇರಬೇಕು. ಖಾಲಿ ಹೊಟ್ಟೆಗೆ ಬಿಸಿನೀರಿನಲ್ಲಿ ಅರಿಶಿನ ಕದಡಿ ಕುಡಿಯುವ ಈಗಿನ ಪರಿಪಾಠದಲ್ಲಿ ಜಿಡ್ಡೂ ಇಲ್ಲ, ಮೆಣಸೂ ಇಲ್ಲ.

ಹಾಲಿನಲ್ಲಿ ಕುಡಿಯುವವರಿಗೆ ಅಳತೆ: ಒಂದು ಲೋಟ ಹಾಲಿಗೆ ಅರ್ಧ ಚಮಚ ಅರಿಶಿನ, ಆಗಷ್ಟೇ ಕುಟ್ಟಿದ ಐದಾರು ಮೆಣಸು, ಅರ್ಧ ಚಮಚ ತುಪ್ಪ, ಐದು ನಿಮಿಷ ಸಣ್ಣಗೆ ಕುದಿಸಿ ರಾತ್ರಿ ಊಟದ ನಂತರ. ಇದು ಅಧ್ಯಯನದ ಪ್ರಮಾಣದ ಹತ್ತಿರಕ್ಕೂ ಬರುವುದಿಲ್ಲ, ಆದರೆ ಹಾನಿಯೂ ಇಲ್ಲ. ಮಂಡಿಗೆ ನಿಜವಾಗಿ ಪ್ರಯತ್ನಿಸುವುದಾದರೆ ಅಳತೆ ಗೊತ್ತಿರುವ ಸಾರದ ಕ್ಯಾಪ್ಸೂಲೇ ಬೇಕು. ಥಾಯ್ಲೆಂಡಿನಲ್ಲಿ 367 ಮಂದಿ ಮಂಡಿಸವೆತದ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 1500 ಮಿ.ಗ್ರಾಂ ಅರಿಶಿನದ ಸಾರ, 1200 ಮಿ.ಗ್ರಾಂ ಐಬುಪ್ರೊಫೇನ್‌ನಷ್ಟೇ ನೋವು ತಗ್ಗಿಸಿತು. ಹೊಟ್ಟೆಯ ತಕರಾರು ಸಾರ ತೆಗೆದುಕೊಂಡವರಲ್ಲಿ ಕಡಿಮೆ. ಅವಧಿ ನಾಲ್ಕು ವಾರ.

ಇಲ್ಲೇ ಎಚ್ಚರವೂ ಬೇಕು. ಅಡುಗೆಯ ಅರಿಶಿನ ತಿಂದು ಯಕೃತ್ತು ಕೆಡಿಸಿಕೊಂಡವರು ಸಿಗುವುದಿಲ್ಲ. ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲ್‌ಗಳಿಂದ ಕೆಡಿಸಿಕೊಂಡವರಿದ್ದಾರೆ. 2019ರಲ್ಲಿ ಇಟಲಿಯಲ್ಲಿ ಇಂಥ ಹೆಪಟೈಟಿಸ್ ಪ್ರಕರಣಗಳು ಸಾಲಾಗಿ ಬಂದವು; 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. ಮೂತ್ರ ಕಡುಹಳದಿಯಾದರೆ, ಕಣ್ಣು ಹಳದಿಗಟ್ಟಿದರೆ, ಕಾರಣವಿಲ್ಲದೆ ಮೈ ತುರಿಸಿದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಬೇಕು. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಕ್ಯಾಪ್ಸೂಲ್ ಬೇಡ. ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡಿ ನೋವು ಎಬ್ಬಿಸಬಲ್ಲದು. ಆಕ್ಸಲೇಟ್ ಜಾತಿಯ ಕಿಡ್ನಿಕಲ್ಲು ಆಗುವವರು ಪುಡಿಯನ್ನು ಚಮಚಗಟ್ಟಲೆ ತಿನ್ನಬಾರದು. ಪೈಪರಿನ್ ಕರ್ಕ್ಯುಮಿನ್ ಒಂದನ್ನೇ ಅಲ್ಲ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್‌ನಂಥವುಗಳ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ.

ಕಲಬೆರಕೆಯ ಮಾತು ಬೇರೆ. ಹಳದಿ ಹೊಳೆಯಲೆಂದು ಲೆಡ್ ಕ್ರೋಮೇಟ್ ಬೆರೆಸುವ ಚಾಳಿ ದಕ್ಷಿಣ ಏಷ್ಯಾದ ಹಲವೆಡೆ ಪತ್ತೆಯಾಗಿದೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಅಲುಗಾಡಿಸದೆ ಬಿಡಿ. ಶುದ್ಧವಾದದ್ದು ತಳಕ್ಕಿಳಿದು ನೀರು ತಿಳಿಹಳದಿ ಆಗುತ್ತದೆ. ನೀರು ಗಾಢ ಹಳದಿಯಾದರೆ ಅನುಮಾನಿಸಿ. ಕೊಂಬು ತಂದು ಬೀಸಿಸಿಕೊಳ್ಳುವುದು ಇನ್ನೂ ಒಳ್ಳೆಯದು, ಕೊಂಬೂ ಅತಿಯಾಗಿ ಹೊಳೆಯುತ್ತಿರಬಾರದು.

ಶಲ್ಲಕಿ ಮಂಡಿನೋವಿಗೆ ಇನ್ನೊಂದು ಆಯ್ಕೆ. ಮರದ ಅಂಟಿನಿಂದ ಬರುವ ಇದು ಕಾಕ್ಸ್ ಗೋಜಿಗೆ ಹೆಚ್ಚು ಹೋಗದೆ ಲ್ಯೂಕೊಟ್ರೈನ್ ಎಂಬ ಇನ್ನೊಂದು ಉರಿಯೂತದ ದಾರಿಯನ್ನು ತಡೆಯುತ್ತದೆ. ಆದ್ದರಿಂದ ಜಠರಕ್ಕೆ ಹಗುರ. ಕೊಳ್ಳುವಾಗ ಚೀಟಿಯಲ್ಲಿ ಈ ಕೆಲಸ ಮಾಡುವ ಮುಖ್ಯ ರಾಸಾಯನಿಕ ‘ಎಕೆಬಿಎ’ ಅಂಶ ಎಷ್ಟೆಂದು ನೋಡಿ. 2008ರ ಭಾರತೀಯ ಅಧ್ಯಯನದಲ್ಲಿ ಅದನ್ನು ಶೇ. 30ಕ್ಕೆ ಏರಿಸಿದ ಸಾರವನ್ನು ದಿನಕ್ಕೆ 100 ಅಥವಾ 250 ಮಿ.ಗ್ರಾಂನಂತೆ 90 ದಿನ ಕೊಟ್ಟಿದ್ದರು. ಅರಿಶಿನವಾಗಲಿ ಶಲ್ಲಕಿಯಾಗಲಿ ಒಂದನ್ನೇ ಹಿಡಿದು, ಮೆಟ್ಟಿಲು ಹತ್ತುವಾಗಿನ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು ವಾರಕ್ಕೊಮ್ಮೆ ಬರೆದಿಡಿ. ಎಂಟು ವಾರದಲ್ಲಿ ಅಂಕ ಇಳಿಯದಿದ್ದರೆ ನಿಲ್ಲಿಸಿ, ದುಡ್ಡಾದರೂ ಉಳಿಯುತ್ತದೆ. ತೊಡೆಯ ಸ್ನಾಯು ಬಲಗೊಳಿಸುವ ವ್ಯಾಯಾಮವಿಲ್ಲದೆ ಯಾವ ಕ್ಯಾಪ್ಸೂಲೂ ಮಂಡಿಯನ್ನು ಬಹಳ ದೂರ ಸಾಗಿಸದು.

ಹಲ್ಲಿಗೆ ಲವಂಗ, ಹಣೆಗೆ ಪುದೀನದ ಎಣ್ಣೆ

ಲವಂಗದೆಣ್ಣೆಯ ಬಹುಪಾಲು ಯೂಜಿನಾಲ್. ಇದು ನರದ ತುದಿಯನ್ನು ಮರಗಟ್ಟಿಸುತ್ತದೆ. ದಂತವೈದ್ಯರು ತಾತ್ಕಾಲಿಕವಾಗಿ ತುಂಬುವ ಸಿಮೆಂಟಿನಲ್ಲೂ ಇದೇ ಇದೆ. ಕುವೈತಿನ 2006ರ ಅಧ್ಯಯನವೊಂದರಲ್ಲಿ ಸೂಜಿ ಚುಚ್ಚುವ ಮೊದಲು ಒಸಡಿಗೆ ಹಚ್ಚಿದ ಲವಂಗದ ಲೇಪ ಮರಗಟ್ಟಿಸುವ ಔಷಧವಾದ ಶೇ. 20ರ ಬೆಂಜೊಕೇನ್‌ನಷ್ಟೇ ನೋವು ತಡೆಯಿತು.

ಮೊದಲು ಅರ್ಧ ಚಮಚ ಉಪ್ಪು ಹಾಕಿದ ಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ದಾರದಿಂದ ತೆಗೆಯಿರಿ. ಎಷ್ಟೋ ಸಲ ನೋವು ಅರ್ಧ ಇಳಿಯುವುದು ಇಷ್ಟಕ್ಕೇ. ನಂತರ ಒಂದು ಹನಿ ಲವಂಗದೆಣ್ಣೆಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಬೆರೆಸಿ, ಹತ್ತಿಯಲ್ಲಿ ಅದ್ದಿ, ಹುಳುಕಿನ ಜಾಗಕ್ಕೆ ಮಾತ್ರ ಐದು ನಿಮಿಷ ಒತ್ತಿ ಹಿಡಿದು ಉಗಿಯಿರಿ. ದಿನಕ್ಕೆ ಮೂರು ನಾಲ್ಕು ಸಲ, ಎರಡು ದಿನ ಮೀರಬಾರದು. ಬೆರೆಸದ ಎಣ್ಣೆ ಒಸಡನ್ನು ಸುಡುತ್ತದೆ. ಎಣ್ಣೆ ಇಲ್ಲದಿದ್ದರೆ ಒಂದು ಲವಂಗವನ್ನು ಮೆಲ್ಲಗೆ ಜಗಿದು ಆ ಹಲ್ಲಿನ ಪಕ್ಕ ಇಟ್ಟುಕೊಳ್ಳಬಹುದು. ಶೀಶೆ ಮಕ್ಕಳ ಕೈಗೆ ಸಿಗಬಾರದು: ಒಂದೆರಡು ಚಮಚ ಕುಡಿದ ಪುಟ್ಟ ಮಕ್ಕಳು ಪ್ರಜ್ಞೆ ತಪ್ಪಿ ಯಕೃತ್ತು ಕೆಟ್ಟ ವರದಿಗಳಿವೆ. ಆ್ಯಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಇಡುವುದಂತೂ ಶುದ್ಧ ತಪ್ಪು, ಬಿಳಿ ಸುಟ್ಟಗಾಯ ಆಗುತ್ತದೆ. ಲವಂಗ ಹುಳುಕನ್ನು ಮುಚ್ಚುವುದಿಲ್ಲ. ನೋವು ತಾನಾಗಿಯೇ ಪೂರ್ತಿ ನಿಂತಿತೆಂದರೆ ಹಲ್ಲಿನ ನರ ಸತ್ತಿರಬಹುದು, ಸೋಂಕು ಬೇರಿಗಿಳಿಯುತ್ತಿರಬಹುದು. ದವಡೆ ಊದಿ, ಜ್ವರ ಬಂದು, ಬಾಯಿ ತೆರೆಯಲಾಗದಿದ್ದರೆ ಅದೇ ದಿನ ಆಸ್ಪತ್ರೆ.

ಹಣೆಯ ಸುತ್ತ ಪಟ್ಟಿ ಬಿಗಿದಂತಾಗುವ ತಲೆನೋವಿಗೆ ಪೆಪ್ಪರ್‌ಮಿಂಟ್ ಎಣ್ಣೆ. 1996ರ ಜರ್ಮನ್ ಅಧ್ಯಯನದಲ್ಲಿ ಶೇ. 10ರ ದ್ರಾವಣವನ್ನು ಹಣೆ ಮತ್ತು ಕಣತಲೆಗೆ ಹಚ್ಚಿ, 15 ಮತ್ತು 30 ನಿಮಿಷಕ್ಕೆ ಮತ್ತೆ ಹಚ್ಚಿದಾಗ ಅದು 1000 ಮಿ.ಗ್ರಾಂ ಪ್ಯಾರಾಸಿಟಮಾಲ್‌ಗೆ ಸಾಟಿಯಾಯಿತು. ಅಲ್ಲಿ ಬೆರೆಸಿದ್ದು ಸ್ಪಿರಿಟ್ಟಿಗೆ. ಮನೆಯಲ್ಲಿ ಒಂದು ಪಾಲು ಎಣ್ಣೆಗೆ ಒಂಬತ್ತು ಪಾಲು ಕೊಬ್ಬರಿ ಎಣ್ಣೆ ಆಗಬಹುದು. ಪುದೀನ ಸೊಪ್ಪು ಅರೆದು ಹಚ್ಚಿದರೆ ತಂಪೇನೋ ಆಗುತ್ತದೆ, ಮೆಂಥಾಲ್ ಅಷ್ಟಿರುವುದಿಲ್ಲ. ಮೈಗ್ರೇನ್‌ಗಾದರೆ ಶುರುವಿನಲ್ಲೇ ಕಾಲು ಗ್ರಾಂ ಒಣಶುಂಠಿ ನುಂಗಿ ನೋಡಬಹುದು.

ಕಾಫಿಯ ಕೆಫೀನ್ ನೋವಿನ ಮಾತ್ರೆಯ ಬಲವನ್ನು ಸ್ವಲ್ಪ ಹೆಚ್ಚಿಸುತ್ತದೆ, ನಿಜ. ಆದರೆ ದಿನಾ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಏಕಾದಶಿಯ ದಿನ ಬಿಟ್ಟಾಗ ಬರುವ ತಲೆನೋವಿಗೆ ಕಾರಣ ಉಪವಾಸಕ್ಕಿಂತ ಕಾಫಿಯೇ. ತಿಂಗಳಿಗೆ 15 ದಿನ ಅಥವಾ ಹೆಚ್ಚು ದಿನ ಮಾತ್ರೆ ನುಂಗುವವರಿಗೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ಅದಕ್ಕೆ ಮದ್ದು ಇನ್ನೊಂದು ಮೂಲಿಕೆಯಲ್ಲ, ವೈದ್ಯರ ಸಲಹೆಯಂತೆ ಮಾತ್ರೆ ಬಿಡುವುದು.

ಹಚ್ಚುವುದು, ಕಾಯಿಸುವುದು

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೋವು ಒಯ್ಯುವ ನರವನ್ನು ಮೊದಲು ಉರಿಸಿ ಆಮೇಲೆ ಸುಸ್ತಾಗಿಸುತ್ತದೆ. ಇದನ್ನು ಗ್ರಹಿಸುವ ದ್ವಾರವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಶೇ. 0.025ರಿಂದ 0.075ರ ಕ್ರೀಮನ್ನು ದಿನಕ್ಕೆ ನಾಲ್ಕು ಸಲ, ಎರಡು ವಾರವಾದರೂ ಬಿಡದೆ ಹಚ್ಚಬೇಕು. ಮೊದಲ ವಾರದ ಉರಿಗೆ ಹೆದರಿ ಬಿಟ್ಟವರೇ ಹೆಚ್ಚು. ಮನೆಯಲ್ಲಿ ಖಾರದಪುಡಿ ಎಣ್ಣೆಗೆ ಹಾಕಿ ಮಾಡಬೇಡಿ. ಬ್ಯಾಡಗಿಗೂ ಗುಂಟೂರಿಗೂ ಖಾರದಲ್ಲಿ ಎಷ್ಟು ಅಂತರವೆಂದು ಅಡುಗೆ ಮಾಡುವವರಿಗೆಲ್ಲ ಗೊತ್ತು, ಚರ್ಮದ ಮೇಲೆ ಅದನ್ನು ಅಂದಾಜಿಸಲಾಗದು.

ಬೆನ್ನು, ಭುಜ, ಮಂಡಿಗೆ ಲಕ್ಕಿ ಸೊಪ್ಪಿನ ಶಾಖ ಒಳ್ಳೆಯದು. ಎರಡು ಹಿಡಿ ಎಲೆಯನ್ನು ಒಂದು ಚಮಚ ಹರಳೆಣ್ಣೆಯಲ್ಲಿ ಬಾಡಿಸಿ, ಹತ್ತಿಬಟ್ಟೆಯಲ್ಲಿ ಗಂಟುಕಟ್ಟಿ, ಮುಂಗೈ ಒಳಬದಿಗೆ ಮುಟ್ಟಿಸಿ ಬಿಸಿ ನೋಡಿಕೊಂಡು, 15–20 ನಿಮಿಷ ಒತ್ತಬೇಕು. ಇಲ್ಲಿ ಹೆಚ್ಚಿನ ಕೆಲಸ ಮಾಡುವುದು ಎಲೆಗಿಂತ ಕಾವೇ ಎಂಬುದು ನಮ್ಮ ಅಂದಾಜು. ಉಪ್ಪಿನ ಗಂಟೂ ಸಾಕು. ಆಗಷ್ಟೇ ಉಳುಕಿ ಊದಿದ ಕಾಲಿಗೆ ಮೊದಲ ಎರಡು ದಿನ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ತಿಳಿಯದೆ ಬೊಬ್ಬೆ ಏಳುತ್ತದೆ. ಎಕ್ಕದ ಎಲೆ ಕಟ್ಟುವವರು ಹಾಲು ಪೂರ್ತಿ ಒರೆಸಿ, ಕೈ ತೊಳೆಯಬೇಕು. ಆ ಹಾಲು ಕಣ್ಣಿಗೆ ಹೋದರೆ ದೃಷ್ಟಿಗೇ ಸಂಚಕಾರ. ಊಟಿಯಿಂದ ತರುವ ವಿಂಟರ್‌ಗ್ರೀನ್ ಎಣ್ಣೆ ಹಚ್ಚಲು ಚೆನ್ನ. ಆದರೆ ಅದರ ಒಂದು ಚಮಚದಲ್ಲಿ ಸುಮಾರು 7 ಗ್ರಾಂ ಸ್ಯಾಲಿಸಿಲೇಟ್ ಇದೆ, ಮಗು ಕುಡಿದರೆ ಪ್ರಾಣಕ್ಕೇ ಕುತ್ತು. ಕರ್ಪೂರದ ಎಣ್ಣೆಯನ್ನು ಎರಡು ವರ್ಷದೊಳಗಿನ ಮಕ್ಕಳ ಎದೆಗೂ ಹಚ್ಚಬೇಡಿ, ಫಿಟ್ಸ್ ಬರಬಹುದು.

ಆಹಾರದಲ್ಲಿ ಹೆಸರಿಸಬಹುದಾದದ್ದು ಮೀನಿನ ಒಮೆಗಾ-3. ರುಮಟಾಯ್ಡ್ ಸಂಧಿವಾತದಲ್ಲಿ ದಿನಕ್ಕೆ ಸುಮಾರು 3 ಗ್ರಾಂನಷ್ಟು ಈ ಒಮೆಗಾ-3ರ ಎರಡು ಬಗೆಗಳಾದ ಇಪಿಎ, ಡಿಎಚ್‌ಎ ಮೂರು ತಿಂಗಳು ಸಿಕ್ಕವರಿಗೆ ಮಾತ್ರೆಯ ಅಗತ್ಯ ಕಡಿಮೆಯಾದದ್ದುಂಟು. ಬೂತಾಯಿ, ಬಂಗುಡೆ ತಿನ್ನುವ ಕರಾವಳಿಯವರಿಗೆ ಇದರಲ್ಲಿ ಒಂದು ಪಾಲು ಊಟದಲ್ಲೇ ಸಿಗುತ್ತದೆ. ಅಗಸೆ ಹಿಂಡಿ ಬೇರೆ ಕಾರಣಗಳಿಗೆ ಒಳ್ಳೆಯದು. ಅದರಲ್ಲಿರುವ ಒಮೆಗಾ-3 ದೇಹದಲ್ಲಿ ಇಪಿಎ ಆಗಿ ಬದಲಾಗುವುದು ತೀರಾ ಸ್ವಲ್ಪ.

ಚೀಟಿ ಇಲ್ಲದ ಪುಡಿ

2006ರಲ್ಲಿ ಚಿಕೂನ್‌ಗುನ್ಯ ರಾಜ್ಯವಿಡೀ ಹಬ್ಬಿದಾಗ ತಿಂಗಳುಗಟ್ಟಲೆ ಬಿಡದ ಕೀಲುನೋವು ಬಹಳ ಜನರನ್ನು ಹೆಸರಿಲ್ಲದ ಪುಡಿಗಳತ್ತ ತಳ್ಳಿತು. ಅಂಥ ಪುಡಿ ಒಂದೇ ರಾತ್ರಿಯಲ್ಲಿ ನೋವು ಓಡಿಸಿದರೆ ಸಂತೋಷಪಡುವ ಮೊದಲು ಅನುಮಾನಿಸಿ. ಯಾವ ಮೂಲಿಕೆಗೂ ಆ ವೇಗವಿಲ್ಲ. ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡಿಗೆ ಇದೆ, ಅದನ್ನೇ ಬೆರೆಸಿರಬಹುದು. ಮುಖ ದುಂಡಗೆ ಊದುವುದು, ಸಕ್ಕರೆ ಏರುವುದು, ಹಸಿವು ಹೆಚ್ಚುವುದು ಅದರ ಗುರುತು. ಆಗಲೂ ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಪುಡಿಯ ಸಮೇತ ವೈದ್ಯರ ಬಳಿ ಹೋಗಬೇಕು. ಶಾಸ್ತ್ರೀಯ ಔಷಧದಲ್ಲೂ ಚೀಟಿ ಓದಿ: ಮಹಾಯೋಗರಾಜ ಗುಗ್ಗುಲುವಿನಲ್ಲಿ ಸೀಸದ ನಾಗಭಸ್ಮವೂ ಪಾದರಸದ ರಸಸಿಂಧೂರವೂ ಇವೆ, ಯೋಗರಾಜ ಗುಗ್ಗುಲುವಿನಲ್ಲಿ ಇಲ್ಲ. ಮೊದಲನೆಯದನ್ನು ಆಯುರ್ವೇದ ವೈದ್ಯರ ಕಣ್ಗಾವಲಿಲ್ಲದೆ ತಿನ್ನಬಾರದು.

ವಾರ್ಫರಿನ್, ಅಸಿಟ್ರೋಮ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಶುಂಠಿ, ಅರಿಶಿನ, ಬೆಳ್ಳುಳ್ಳಿಯನ್ನು ಅಡುಗೆಯಲ್ಲಿ ಎಂದಿನಂತೆ ಬಳಸಬಹುದು, ಕ್ಯಾಪ್ಸೂಲ್ ರೂಪದಲ್ಲಿ ಬೇಡ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆ ತಜ್ಞರಿಗೂ ತಿಳಿಸಿ. ಗರ್ಭಿಣಿಯರಿಗೆ ಶುಂಠಿ ದಿನಕ್ಕೆ 1 ಗ್ರಾಂ ಒಳಗೆ, ಉಳಿದ ಸಾರಗಳು ಬೇಡ.

ಮಳೆಗಾಲದಲ್ಲಿ ಜ್ವರದೊಡನೆ ಮೈಕೈ ಮುರಿದಂತಾದರೆ ಡೆಂಗಿ ಇರಬಹುದು. ಆಗ ಐಬುಪ್ರೊಫೇನ್, ಆ್ಯಸ್ಪಿರಿನ್, ವಿಲ್ಲೋ ತೊಗಟೆ ಯಾವುದೂ ಕೂಡದು, ರಕ್ತಸ್ರಾವ ಹೆಚ್ಚುತ್ತದೆ. ಸರಿಯಾದದ್ದು ಪ್ಯಾರಾಸಿಟಮಾಲ್: ವಯಸ್ಕರಿಗೆ 500 ಅಥವಾ 650 ಮಿ.ಗ್ರಾಂ, ಆರು ಗಂಟೆ ಅಂತರ, ದಿನಕ್ಕೆ 4 ಗ್ರಾಂ ಮೀರುವಂತಿಲ್ಲ, ನೆಗಡಿ ಮಾತ್ರೆಯೊಳಗೆ ಅಡಗಿರುವ ಪ್ಯಾರಾಸಿಟಮಾಲನ್ನೂ ಸೇರಿಸಿ. ಮದ್ಯ ಕುಡಿಯುವವರಿಗೂ ಲಿವರ್ ತೊಂದರೆ ಇರುವವರಿಗೂ ಈ ಮಿತಿ ಇನ್ನೂ ಕಡಿಮೆ. ಎಷ್ಟೆಂದು ವೈದ್ಯರೇ ಹೇಳಬೇಕು. ಎದೆನೋವು, ಹಿಂದೆಂದೂ ಕಾಣದಂತೆ ಸಿಡಿದ ತಲೆನೋವು, ಬೆನ್ನುನೋವಿನೊಡನೆ ಮೂತ್ರ ಕಟ್ಟುವುದು ಅಥವಾ ಕಾಲು ಬಲ ಕಳೆದುಕೊಳ್ಳುವುದು, ಜ್ವರದೊಡನೆ ಒಂದೇ ಕೀಲು ಕೆಂಪಗೆ ಊದುವುದು: ಇವುಗಳಲ್ಲಿ ಯಾವುದಿದ್ದರೂ ಕಷಾಯಕ್ಕೆ ನೀರಿಡದೆ ಆಸ್ಪತ್ರೆಗೆ ಹೊರಡಿ.